ಅಡಿಗೆಮನೆಯಲ್ಲಿ ದೊರೆತ ಶಾಂತಿ

ಮನಶ್ಶಾಂತಿಯನ್ನು ನಾವೆಲ್ಲರೂ ಮುಂದಕ್ಕೆ ಹಾಕುತ್ತಲೇ ಬಂದಿದ್ದೇವೆ. ಸ್ವಂತ ಮನೆಯೊಂದಾಗಲಿ, ಮಗಳ ಮದುವೆ ಮುಗಿಯಲಿ, ನಿವೃತ್ತಿಯಾಗಿ ಊರು ಸೇರೋಣ, ನೆಮ್ಮದಿ ಏನಿದ್ದರೂ ಆಮೇಲೆ ಎಂಬುದು ಮಹಾನಗರದ ಕನ್ನಡಿಗರ ಮಾತಿನ ವರಸೆ. ಲೋಕಲ್ ಗಾಡಿಯ ನೂಕುನುಗ್ಗಲು, ಕಚೇರಿಯ ಕಡತ, ಮೇಲಧಿಕಾರಿಯ ಮೆಮೊ ಇವುಗಳ ನಡುವೆ ಶಾಂತಿ ಎಲ್ಲಿಂದ ಬರಬೇಕು? ಗದ್ದಲ ಅಡಗಿದ ಮೇಲೆ ಮಾತ್ರ ಅದು ಸಿಕ್ಕೀತು ಎಂದು ನಮ್ಮ ಎಣಿಕೆ. ಈ ಎಣಿಕೆ ಸರಿಯೇ? ಹಾಗೂ, ಒಬ್ಬನಿಗೆ ಶಾಂತಿ ದೊರೆತರೆ ಅದನ್ನು ಅವನು ಇನ್ನೊಬ್ಬನಿಗೆ ಕೊಡಬಲ್ಲನೇ? ಹದಿನೇಳನೆಯ ಶತಮಾನದಲ್ಲಿ ಬಾಳಿದ ಒಬ್ಬ ಕ್ರೈಸ್ತ ಅಡಿಗೆಯವರನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ಅವರ ಹುಟ್ಟುಹೆಸರು ನಿಕೊಲಾ ಎರ್ಮಾನ್. ಈಗ ಫ್ರಾನ್ಸಿಗೆ ಸೇರಿರುವ ಲೊರೇನ್ ಪ್ರಾಂತದವರು. 1618ರಿಂದ 1648ರವರೆಗೆ ಯೂರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿದ್ದು, ಗಾಯಗೊಂಡು ಕುಂಟಾದರು. ಅನಂತರ ಒಬ್ಬರ ಮನೆಯಲ್ಲಿ ಆಳಾಗಿದ್ದರು. ಮುಟ್ಟಿದ್ದನ್ನೆಲ್ಲ ಒಡೆಯುವ ಒಡ್ಡ ಆಳು ತಾನೆಂದು ಅವರೇ ಹೇಳಿಕೊಂಡಿದ್ದಾರೆ. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿ ಬ್ರದರ್ ಲಾರೆನ್ಸ್ ಎನಿಸಿದರು. ಪಾದ್ರಿಯ ಪದವಿಯಲ್ಲ, ಅಡಿಗೆಮನೆ ಅವರ ಪಾಲಿಗೆ ಬಂತು. ಸ್ವಭಾವತಃ ಆ ಕೆಲಸವೆಂದರೆ ಅವರಿಗೆ ಬೇಸರ. ಆ ಬೇಸರದ ಕೆಲಸವನ್ನೇ ಸುಮಾರು ಹದಿನೈದು ವರ್ಷ ಮಾಡಿದರು. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದಾಗ, ಕಾಲಿಲ್ಲದಂತಾಗಿ, ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಹೋಗಬೇಕಾಯಿತಂತೆ! ವ್ಯಾಪಾರವೂ ಅವರಿಗೆ ಬಾರದು. ಇಷ್ಟವಿಲ್ಲದ ಕುರ್ಚಿಯಲ್ಲಿ ಕುಳಿತು ವರ್ಷಗಳನ್ನು ಕಳೆಯುವ ನಮ್ಮಂಥವರಿಗೆ ಈ ಮನುಷ್ಯ ಹತ್ತಿರದವರೆನಿಸುವುದು ಇಲ್ಲಿಯೇ.

ಮಠ ಸೇರಿದೊಡನೆ ಶಾಂತಿ ಸಿಗಲಿಲ್ಲ. ತನಗೆ ನರಕವೇ ಗತಿ ಎಂಬ ಭಯ ಅವರನ್ನು ನಾಲ್ಕು ವರ್ಷ ಕಾಡಿತು. ಯಾರ ಸಮಾಧಾನದ ಮಾತೂ ನಾಟಲಿಲ್ಲ. ಈ ಭಯ ಹೋದ ಬಗೆ ವಿಚಾರ ಮಾಡತಕ್ಕದ್ದು. ತನಗೆ ಮೋಕ್ಷ ಖಚಿತವೆಂಬ ಭರವಸೆ ಸಿಕ್ಕಿ ಅದು ಹೋದದ್ದಲ್ಲ. ತಾನು ಮಠಕ್ಕೆ ಬಂದದ್ದು ದೇವರ ಪ್ರೀತಿಗಾಗಿ. ಕೊನೆಗೆ ಉದ್ಧಾರವೋ ನಾಶವೋ ಏನಾದರೂ ಆಗಲಿ, ಬದುಕಿರುವಷ್ಟು ಕಾಲ ಆ ಪ್ರೀತಿಗಾಗಿಯೇ ಕೆಲಸ ಮಾಡುವೆನೆಂದು ನಿಶ್ಚಯಿಸಿದರು. ಭಯಕ್ಕೆ ಉತ್ತರ ಸಿಗಲಿಲ್ಲ, ಪ್ರಶ್ನೆಯೇ ಕೈಬಿಟ್ಟಿತು. ನಮ್ಮ ಅಶಾಂತಿಯ ಬಹುಪಾಲು ‘ನನಗೇನಾದೀತು’ ಎಂಬ ಲೆಕ್ಕದಿಂದ ಹುಟ್ಟಿದ್ದು. ಲೆಕ್ಕ ಸರಿಹೊಂದಿದರೆ ಶಾಂತಿ ಎಂದು ನಾವು ಭಾವಿಸುತ್ತೇವೆ. ಲಾರೆನ್ಸರು ಲೆಕ್ಕದ ಪುಸ್ತಕವನ್ನೇ ದೇವರ ಕೈಗೆ ಕೊಟ್ಟುಬಿಟ್ಟರು.

ಆಮೇಲೆ ಅವರಿಗೆ ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂದಿರಲಿಲ್ಲ. ಏಕಕಾಲಕ್ಕೆ ಹಲವರು ಹಲವನ್ನು ಕೇಳಿ ಕೂಗುತ್ತಿರುವಾಗಲೂ ಮೊಣಕಾಲೂರಿ ಕುಳಿತಾಗಿನ ಶಾಂತಿಯೇ ಇರುತ್ತಿತ್ತು. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಪ್ರೀತಿಗೆಂದೇ ಮಾಡುತ್ತಿದ್ದರು. ಕಾಯಕದ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಇದು ತೀರ ಹೊಸದಲ್ಲ; ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಹಿಂದಕ್ಕಟ್ಟಿದ ಆಯ್ದಕ್ಕಿ ಲಕ್ಕಮ್ಮನ ನಿಶ್ಚಿಂತೆ ನಮಗೆ ಗೊತ್ತು. ಆದರೆ ಎರಡೂ ಒಂದೇ ಎಂದು ಸುಲಭವಾಗಿ ಹೇಳಿಬಿಡುವುದು ನಮಗೆ ಒಪ್ಪಿಗೆಯಿಲ್ಲ. ಲಾರೆನ್ಸರ ಶಾಂತಿ ತನ್ನನ್ನು ಪ್ರೀತಿಸುವ ದೇವರೊಡನೆ ದಿನವಿಡೀ ನಡೆದ ಮಾತುಕತೆಯಿಂದ ಬಂದದ್ದು. ಆ ವಿಶ್ವಾಸವನ್ನು ತೆಗೆದುಹಾಕಿ ಬರಿಯ ಅಭ್ಯಾಸವನ್ನು ಉಳಿಸಿಕೊಂಡರೆ ಅದು ಅವರ ಶಾಂತಿಯಲ್ಲ.

ಇನ್ನು ಹಂಚುವ ಮಾತು. ವಿಜ್ಞಾನ ಓದಿದವರಿಗೆ ಥಟ್ಟನೆ ಹೊಳೆಯುವುದು ಶಾಖದ ಉಪಮೆ: ಬಿಸಿಯ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಸ್ಪರ್ಶಮಾತ್ರದಿಂದ ಶಾಖ ಹರಿಯುತ್ತದೆ. ಆದರೆ ಕೊಟ್ಟ ವಸ್ತು ತಣ್ಣಗಾಗುತ್ತದೆ. ಉಪಮೆ ಅಲ್ಲಿಗೆ ಸೋತಿತು. ದೇಶ ಹಸಿದಿರುವಾಗ ಒಬ್ಬನ ಮನಸ್ಸು ತಂಪಾಗಿದ್ದು ಏನು ಫಲ ಎಂಬ ಆಕ್ಷೇಪವೂ ಇದೆ. ಇದನ್ನು ತಳ್ಳಿಹಾಕುವಂತಿಲ್ಲ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವೂ ಸುಖವಾಗಿ ಕುಳಿತುಕೊಳ್ಳಲು ಬಿಡುವುದಿಲ್ಲ. ಕಾಣಿಕೆಯೊಡನೆ ಪೀಠದ ಮುಂದೆ ನಿಂತಾಗ, ನಿನ್ನ ಮೇಲೆ ಸಹೋದರನಿಗೆ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನಲ್ಲಿಗೆ ಹೋಗು ಎಂಬುದು ಅಲ್ಲಿಯ ವಿಧಿ. ಹೋಗಬೇಕಾದವನು ಸಿಟ್ಟಾದವನಲ್ಲ, ಸಿಟ್ಟಿಗೆ ಕಾರಣನಾದವನು. ಇದು ಕಠಿಣ.

ಕಥೋಲಿಕ ಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಜನರು ಪರಸ್ಪರ ಶಾಂತಿಯನ್ನು ಕೋರುತ್ತಾರೆ. 1969ರಲ್ಲಿ ರೋಮ್ ಭಾರತಕ್ಕೆ ಹನ್ನೆರಡು ಮಾರ್ಪಾಡುಗಳನ್ನು ಅನುಮತಿಸಿತು. ಈ ಕೋರಿಕೆಯನ್ನು ಕೈಜೋಡಿಸಿ ನಮಸ್ಕರಿಸಿ ಮಾಡಬಹುದೆಂಬುದೂ ಅವುಗಳಲ್ಲಿ ಒಂದು. ಪಕ್ಕದಲ್ಲಿ ನಿಂತವರು ಗೊತ್ತಿರಲಿ, ಬಿಡಲಿ, ಅವರತ್ತ ತಿರುಗಬೇಕು. ಉಪದೇಶಕ್ಕೆ ಎಡೆಯಿಲ್ಲ; ಮುಖ ನೋಡಿ ಕೈಮುಗಿದರೆ ಆಯಿತು. ಹಂಚುವುದೆಂದರೆ ಇಷ್ಟರಿಂದ ಆರಂಭವೆಂದು ನಮ್ಮ ಅಭಿಪ್ರಾಯ. ಕೇಳದವರ ಬಾಗಿಲು ತಟ್ಟಿ ನಿಮಗೆ ಶಾಂತಿಯಿಲ್ಲ ಎಂದು ಮನಗಾಣಿಸುವುದರಿಂದ ಇದ್ದ ಶಾಂತಿಯೂ ಹೋದೀತು.

ಲಾರೆನ್ಸರು ಬಾಗಿಲು ತಟ್ಟಿದವರಲ್ಲ. ಜನರೇ ಅವರನ್ನು ಹುಡುಕಿಕೊಂಡು ಬಂದರು. ಕಾಲಿನ ಬೇನೆ ಹೆಚ್ಚಾದ ಮೇಲೆ ಅಡಿಗೆ ಬಿಟ್ಟು ಮಠದವರ ಚಪ್ಪಲಿ ರಿಪೇರಿ ಮಾಡುತ್ತಿದ್ದರು. 1691ರಲ್ಲಿ ತೀರಿಕೊಂಡ ಅನಂತರ, ಅವರೊಡನೆ ಸಂಭಾಷಿಸಿದ್ದ ಬೊಫೋರ್ ಎಂಬ ಪಾದ್ರಿ ಅವರ ಮಾತುಗಳನ್ನೂ ಕೆಲವು ಪತ್ರಗಳನ್ನೂ ಒಟ್ಟುಗೂಡಿಸಿ ಅಚ್ಚು ಹಾಕಿಸಿದರು. ಶಾಂತಿಯ ದಾರಿ ಯಾವುದೆಂದು ಬಹಳ ಒತ್ತಾಯಿಸಿ ಕೇಳಿದವರಿಗೆ ಬರೆದ ಪತ್ರವೊಂದು ಅವುಗಳಲ್ಲಿದೆ. ಇದನ್ನು ಮತ್ತೊಬ್ಬರಿಗೆ ತೋರಿಸಕೂಡದು, ತೋರಿಸುವಿರೆಂದು ತಿಳಿದಿದ್ದರೆ ಬರೆಯುತ್ತಲೇ ಇರಲಿಲ್ಲ ಎಂದು ಅದರಲ್ಲಿ ಷರತ್ತು ಹಾಕಿದ್ದಾರೆ. ಮುನ್ನೂರು ವರ್ಷ ದಾಟಿತು, ಆ ಷರತ್ತನ್ನು ಯಾರೂ ಪಾಲಿಸಿಲ್ಲ.