ಕಡೀಗೆ ಉಂಡೋರು ಯಾರು?

ಹಬ್ಬ ಎಲ್ಲರದು ಅನ್ನುವ ಮಾತನ್ನು ಶಾಲೆಯ ಪಾಠದಲ್ಲಿ ಓದಿದ್ದೇವೆ, ವೇದಿಕೆಯ ಭಾಷಣಗಳಲ್ಲಿ ಕೇಳಿದ್ದೇವೆ. ಈ ಮಾತು ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚಲು ಪುರಾಣ ತೆಗೆಯಬೇಕಾಗಿಲ್ಲ. ಹಬ್ಬದ ದಿನ ಯಾರು ಮೊದಲು ಎದ್ದರು, ಯಾರು ಕಡೆಗೆ ಉಂಡರು ಅಂತ ಕೇಳಿದರೆ ಸಾಕು. ಇದು ನನ್ನ ತರ್ಕವಲ್ಲ. ಅಕ್ಷರ ಬಾರದ ನಮ್ಮ ಆಯಿಯ ಲೆಕ್ಕ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಮೊದಲು ಬರೆಸಿಕೊಂಡವಳು ನಾನು. ಆದರೆ ಕಾಲೇಜಿನಲ್ಲಿ ಓದಿದ ಯಾವ ನೀತಿಶಾಸ್ತ್ರದಲ್ಲೂ ಇಷ್ಟು ನೇರವಾದ ಪ್ರಶ್ನೆ ನನಗೆ ಸಿಕ್ಕಿಲ್ಲ.

ಆಯಿ ಹುಟ್ಟಿದ್ದು ಆಳಂದ ತಾಲೂಕಿನ ಹಳ್ಳಿಯಲ್ಲಿ, ಪೊಲೀಸ್ ಆಕ್ಷನ್ ಆದ 1948ರಲ್ಲಿ. ಕೊಟ್ಟದ್ದು ಅಫಜಲಪುರ ತಾಲೂಕಿನ ಭೀಮೆಯ ದಂಡೆಗೆ. ಆಕೆಯ ಮಗಳು ಹೋದದ್ದು ಜೇವರ್ಗಿ ತಾಲೂಕಿಗೆ. ಈ ಮೂರು ತಾಲೂಕು ಆಕೆಯ ಭೂಗೋಳ. ಇತಿಹಾಸಕ್ಕೆ ಆಕೆ ತಾರೀಖು ಇಟ್ಟುಕೊಂಡಿಲ್ಲ. ಕಾಮಗಾರಿಯಲ್ಲಿ ಕಲ್ಲು ಒಡೆದ 1972 ಆಕೆಗೆ 'ಬರದ ವರ್ಷ'. ಕಿಲ್ಲಾರಿಯ ಭೂಕಂಪದ 1993 'ಭೂಮಿ ನಡುಗಿದ ವರ್ಷ'. ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ 2020ರ ಅಕ್ಟೋಬರ್ 'ಹೊಳಿ ಬಂದ ವರ್ಷ'.

ವರ್ಷ ಮುಗಿಯುವುದು ಯಾವಾಗ? ಈ ಪ್ರಶ್ನೆಗೂ ಜಾತಿ ಇದೆ, ವರ್ಗ ಇದೆ. ಅಂಗಡಿಯ ಸಾವುಕಾರ ದೀಪಾವಳಿಗೆ ಖಾತೆಪುಸ್ತಕ ಪೂಜೆ ಮಾಡಿ ಹೊಸ ಲೆಕ್ಕ ತೆಗೆಯುತ್ತಾನೆ. ಜೀತದಾಳಿನ ವರ್ಷ ಯುಗಾದಿಯಿಂದ ಯುಗಾದಿಗೆ. ಅವತ್ತು ಹಳೆಯ ಸಾಲದ ಲೆಕ್ಕ ಆಗುತ್ತಿತ್ತು, ಅವತ್ತೇ ಹೊಸ ಸಾಲಕ್ಕೆ ಹೆಬ್ಬೆಟ್ಟು ಬೀಳುತ್ತಿತ್ತು. ಮುತ್ಯಾನ ಬೇವು-ಬೆಲ್ಲದಲ್ಲಿ ಬೆಲ್ಲ ಎಷ್ಟಿತ್ತು ಎಂದು ಕೇಳುವ ಹಾಗೇ ಇಲ್ಲ. ಆಫೀಸಿನವರಿಗೆ, ಮೊಬೈಲು ಹಿಡಿದ ನಮ್ಮಂಥವರಿಗೆ ಡಿಸೆಂಬರ್ 31. ಆಯಿಯ ವರ್ಷ ಮುಗಿಯುವುದು ಮಾತ್ರ ಎಳ್ಳಮಾಸಿಗೆ. 2024ರಲ್ಲಿ ಈ ಅಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ಆಯಿಯ ವರ್ಷವೂ ಕ್ಯಾಲೆಂಡರಿನ ವರ್ಷವೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿದವು.

ಎಳ್ಳಮಾಸಿ ನಮ್ಮ ಕಡೆ ದೊಡ್ಡ ಹಬ್ಬ. ಬಿಳಿಜೋಳ ಎದೆ ಮಟ್ಟ ನಿಂತಿರುತ್ತದೆ. ಕಡಲೆ ಹಸಿರಾಗಿರುತ್ತದೆ, ತೊಗರಿ ಕೊಯ್ಲಿಗೆ ಬಂದಿರುತ್ತದೆ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡಬು, ಎಲ್ಲ ಕಾಳು ಎಲ್ಲ ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ. ಆಮೇಲೆ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಮನುಷ್ಯ ಉಣ್ಣುವ ಮೊದಲು ಭೂಮಿತಾಯಿ ಉಣ್ಣಬೇಕು. ಹುಳ, ಹುಪ್ಪಡಿ, ಹಕ್ಕಿ ಉಣ್ಣಬೇಕು. ಎಷ್ಟು ದೊಡ್ಡ ಮಾತು ನೋಡಿ! ಬೆಳೆದದ್ದು ನನ್ನೊಬ್ಬನದಲ್ಲ ಎಂದು ಒಕ್ಕಲಿಗ ವರ್ಷಕ್ಕೊಮ್ಮೆಯಾದರೂ ಒಪ್ಪಿಕೊಳ್ಳುವ ದಿನ ಅದು.

ಆದರೆ ಹೊಲವೇ ಇಲ್ಲದವರು ಚರಗ ಎಲ್ಲಿ ಚೆಲ್ಲಬೇಕು? 1974ರ ಭೂಸುಧಾರಣೆಯ ತಿದ್ದುಪಡಿ ಉಳುವವನಿಗೆ ಭೂಮಿ ಅಂದಿತು. ಗೇಣಿದಾರನಾಗಿ ದಾಖಲೆಯಲ್ಲಿದ್ದವನಿಗೆ ಹೊಲ ಬಂತು. ಕೂಲಿಗೆ, ಜೀತಕ್ಕೆ ನೇಗಿಲು ಹಿಡಿದವನು ಯಾವ ಪಹಣಿಯಲ್ಲಿದ್ದ? ಅವನ ಹಿಂದೆ ಬೀಜ ಬಿತ್ತಿದ, ಕಳೆ ತೆಗೆದ, ರಾಶಿಯಲ್ಲಿ ಕಾಳು ಕೇರಿದ ಹೆಂಗಸು ಯಾವ ಕಾಗದದಲ್ಲಿದ್ದಳು? 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂದು ಮುತ್ಯಾನ ಸಾಲ ಹರಿಯಿತು. ಹೊಲ ಮಾತ್ರ ಹರಿದು ಬರಲಿಲ್ಲ. ಆಯಿಯ ಮಾತಿನಲ್ಲೇ ಹೇಳಬೇಕೆಂದರೆ, "ಹೊಲ ಅವರ್ದು, ಬೆಳಿ ಅವರ್ದು, ಹಬ್ಬಾನೂ ಅವರ್ದು. ಮೈ ಒಂದು ನಮ್ದಿತ್ತು. ಅದನೂ ಅವರ ಹೊಲದಾಗೇ ಇತ್ತು."

ಹಾಗಾದರೆ ನಮ್ಮ ಓಣಿಯವರಿಗೆ ಹಬ್ಬವೇ ಇರಲಿಲ್ಲವೆ? ಇತ್ತು. ಹಬ್ಬದ ದಿನ ಕೆಲಸ ಹೆಚ್ಚಿಗೆ ಇತ್ತು. ಮಂದಿಯ ಅಂಗಳಕ್ಕೆ ಕಟ್ಟಿಗೆ ಒಟ್ಟಬೇಕು. ದನದ ಕೊಟ್ಟಿಗೆ ಬಳಿಯಬೇಕು. ಜಾತ್ರೆ ಇರಲಿ, ಮೊಹರಂ ಇರಲಿ, ಗಂಡಸರು ಹಲಗಿ ಕಾಯಿಸಿ ಬಾರಿಸಬೇಕು. ಹಲಗಿ ಇಲ್ಲದೆ ಯಾವ ದೇವರೂ ಎದ್ದು ಹೊರಗೆ ಬರುವುದಿಲ್ಲ, ಬಾರಿಸಿದವನು ಮಾತ್ರ ಒಳಗೆ ಹೋಗುವಂತಿಲ್ಲ. ಸಂಜೆಗೆ ಹೆಂಗಸರು ಬುಟ್ಟಿ ಹಿಡಿದು ಮನೆ ಮನೆ ಮುಂದೆ ನಿಲ್ಲಬೇಕು. ಅವರು ಉಂಡು ಉಳಿದದ್ದು ಮೇಲಿನಿಂದ ಬುಟ್ಟಿಗೆ ಬೀಳುತ್ತಿತ್ತು. ನಾಲ್ಕು ಮನೆಯ ಹೋಳಿಗೆ, ನಾಲ್ಕು ಮನೆಯ ಸಾರು ಒಂದರ ಮೇಲೊಂದು. ಆಯಿಯ ಬಾಯಿಗೆ ಹಬ್ಬದ ರುಚಿ ಅಂದರೆ ಅದೇ, ಎಲ್ಲ ಕಲಸಿಹೋದ ರುಚಿ.

ಇಲ್ಲಿ ಒಂದು ನೀತಿಯ ಪ್ರಶ್ನೆ ಎದ್ದು ನಿಲ್ಲುತ್ತದೆ. ಈಗಲೂ ಕೆಲವರು ಹೇಳುವುದುಂಟು: "ನಮ್ಮ ಹಿರಿಯರು ಹಬ್ಬದಾಗ ಯಾರನ್ನೂ ಉಪವಾಸ ಕಳಿಸಲಿಲ್ಲ. ಪ್ರೀತಿಯಿಂದ ಕೊಟ್ಟರು." ಈ ಮಾತನ್ನು ಪೂರ್ತಿ ಸುಳ್ಳೆಂದು ತಳ್ಳಲು ಆಯಿ ಒಪ್ಪುವುದಿಲ್ಲ. ಬರದ ವರ್ಷ ತನ್ನ ಮಡಿಲಿಗೆ ಕದ್ದು ಎರಡು ಸೇರು ಜೋಳ ಹಾಕಿದ ಗೌಡಸಾನಿಯನ್ನು ಆಕೆ ಮರೆತಿಲ್ಲ. "ಕೊಟ್ಟಾಕಿ ಛಲೋ ಇದ್ಲು ಯವ್ವಾ. ಕೊಡೋ ರೀತಿ ಕೆಟ್ಟದಿತ್ತು" ಅನ್ನುತ್ತಾಳೆ. ಈ ಒಂದು ಮಾತಿನಲ್ಲಿ ಒಬ್ಬ ಮನುಷ್ಯಳ ಗುಣ ಬೇರೆ, ಆ ಮನುಷ್ಯಳು ನಿಂತ ವ್ಯವಸ್ಥೆ ಬೇರೆ ಎಂಬ ಅರಿವಿದೆ. ವ್ಯಕ್ತಿ ಒಳ್ಳೆಯವಳಾದರೆ ವ್ಯವಸ್ಥೆ ಒಳ್ಳೆಯದಾಗುವುದಿಲ್ಲ. ವ್ಯವಸ್ಥೆ ಕೆಟ್ಟದ್ದು ಎಂದು ಆಕೆಯ ಕಣ್ಣೀರನ್ನು ನಾಟಕವೆಂದು ಅನ್ನಬೇಕಾಗಿಯೂ ಇಲ್ಲ.

ರೀತಿ ಕೆಟ್ಟದ್ದು ಎಂದು ಗೊತ್ತಾಗುವುದು ಹೇಗೆ? ತಿರುಗಿಸಿ ನೋಡಿ. ಗೌಡರ ಮನೆಯ ಕಡಬು ನಮ್ಮ ಓಣಿಗೆ ಬಂತು. ನಮ್ಮ ಮನೆಯ ಕಡಬು ಯಾವತ್ತಾದರೂ ಗೌಡರ ಮನೆಗೆ ಹೋಯಿತೆ? ಹೋದರೆ ಅವರು ಉಂಡರೆ? ಒಂದೇ ದಿಕ್ಕಿಗೆ ಹೋಗುವ ಅನ್ನ ಪ್ರೀತಿಯ ಅನ್ನವಾಗಲಾರದು. ತಿರುಗಿ ಕೊಡುವ ಹಕ್ಕು ಇಲ್ಲದವನಿಗೆ ಕೊಟ್ಟದ್ದು ಅವನ ಹೊಟ್ಟೆ ತುಂಬಿಸಿ ತಲೆ ಬಗ್ಗಿಸುತ್ತದೆ. 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದ್ದನ್ನು ನಾವೆಲ್ಲ ನೆನೆಯುತ್ತೇವೆ. ಅದೇ ಸಮ್ಮೇಳನದಲ್ಲಿ ಅವರು ಸತ್ತ ದನದ ಮಾಂಸ ಬಿಡಿ, ಎಂಜಲು ಬೇಡುವುದನ್ನು ಬಿಡಿ ಎಂದು ನಮ್ಮವರಿಗೆ ಹೇಳಿದ್ದನ್ನೂ ನೆನೆಯಬೇಕು. ನೀರಿನ ಹಕ್ಕನ್ನು ಊರಿನವರಿಂದ ಕೇಳಿದರು, ಬುಟ್ಟಿ ಕೆಳಗಿಡುವ ಧೈರ್ಯವನ್ನು ನಮ್ಮಿಂದಲೇ ಕೇಳಿದರು.

ನಮ್ಮ ಸೀಮೆಯಲ್ಲೇ ಬೇರೊಂದು ನೆನಪೂ ಇದೆ. ಜೇವರ್ಗಿ ತಾಲೂಕಿನ ಅರಳಗುಂಡಗಿಯ ಶರಣಬಸಪ್ಪ, ಆಮೇಲೆ ಕಲಬುರಗಿಗೆ ಬಂದು ದಾಸೋಹಕ್ಕೆ ಹೆಸರಾದವನು, ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕುಡಿಯಲು ನೀರಿಟ್ಟನಂತೆ. ನಮ್ಮ ಆಯಿಯೂ ಆ ಕತೆ ಹೇಳುತ್ತಾಳೆ. ಹೇಳಿ ಒಂದು ಮಾತು ಸೇರಿಸುತ್ತಾಳೆ: "ಹಕ್ಕಿ ಬೇಡಲಿಲ್ಲ, ನೋಡು. ಬಂದು ತಿಂದು ಹೋದ್ವು." ದಾನಕ್ಕೂ ಪಾಲಿಗೂ ಇರುವ ಅಂತರ ಇಷ್ಟೇ. ದಾನಕ್ಕೆ ಕೈ ಒಡ್ಡಬೇಕು. ಪಾಲಿಗೆ ಬಂದು ಕೂತರೆ ಸಾಕು. ಚರಗದಲ್ಲಿ ಹಕ್ಕಿಗೆ ಪಾಲಿದೆ, ಹುಳಕ್ಕೆ ಪಾಲಿದೆ. ಆ ಹೊಲವನ್ನು ಹಸನು ಮಾಡಿದವಳಿಗೆ ಮಾತ್ರ ದಾನ.

ಹೀಗಿರುವಾಗ ಈ ಹಬ್ಬಗಳನ್ನೇ ಕಿತ್ತೊಗೆಯಬೇಕು ಎನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನನ್ನ ಸಿಟ್ಟೂ ಹೌದು. ಪುರೋಹಿತಶಾಹಿಯ ಪಂಚಾಂಗಕ್ಕೆ ನಾವು ಋಣಿಗಳಲ್ಲ. ಆದರೆ ಆಯಿ ಅನ್ನುವುದು ಬೇರೆ: "ಹಬ್ಬ ಬಿಡಬ್ಯಾಡ ಯವ್ವಾ, ಬೇಡೋದು ಬಿಡು. ವರ್ಷಾನಗಟ್ಲೆ ದುಡಿದ ಮೈ ಒಂದಿನಾನಾದ್ರೂ ಕೂಡಬಾರ್ದೇನು?" ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗುವುದು ಸುಲಭವಲ್ಲ. ಸಂಬಳದ ನೌಕರನಿಗೆ ರಜೆ ಎಂದರೆ ಕೂತು ಉಣ್ಣುವ ದಿನ. ದಿನಗೂಲಿಯವಳಿಗೆ ರಜೆ ಎಂದರೆ ಕೂಲಿ ಇಲ್ಲದ ದಿನ, ಒಲೆ ಹಚ್ಚಲು ಯೋಚಿಸಬೇಕಾದ ದಿನ. ಬಿಡುವಿನ ಆಸೆಯನ್ನೇ ಮೇಲಿನವರ ಚಟ ಎಂದು ಹೀಗಳೆದರೆ, ನಮ್ಮವರು ದುಡಿಯಲಿಕ್ಕೇ ಹುಟ್ಟಿದವರು ಎಂಬ ಹಳೆಯ ಶಾಸ್ತ್ರವನ್ನು ನಾವೇ ಬಾಯಿಪಾಠ ಒಪ್ಪಿಸಿದಂತಾಗುತ್ತದೆ.

ಹಬ್ಬ ಎಂದರೇನು ಎಂಬುದು ಆಯಿಗೆ ಖಾತ್ರಿಯಾದದ್ದು 2020ರಲ್ಲಿ. ದಸರಾ ಕಳೆದರೆ ನಮ್ಮ ಓಣಿಯಲ್ಲಿ ಬಾಗಿಲಿಗೆ ಬೀಗ ಬೀಳುತ್ತವೆ. ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರು ಅಂತ ದುಡಿಯುವ ವಯಸ್ಸಿನವರೆಲ್ಲ ಇಮಾರತು ಕೆಲಸಕ್ಕೆ ಹೋಗುತ್ತಾರೆ. ಮುದುಕರು, ಮಕ್ಕಳು ಉಳಿಯುತ್ತಾರೆ. ಎಳ್ಳಮಾಸಿಗೆ ಯಾರೂ ಇಲ್ಲ, ಸಂಕ್ರಾಂತಿಗೆ ಯಾರೂ ಇಲ್ಲ. ಯುಗಾದಿಗೆ ಬರುತ್ತೇವೆ ಎಂಬುದು ಮಾತು. ಆ ವರ್ಷ ಮಾರ್ಚಿನಲ್ಲಿ ದೇಶದ ಮೊದಲ ಕೊರೋನಾ ಸಾವು ಕಲಬುರಗಿಯಲ್ಲೇ ಆಯಿತು. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಎಂದು ಸಾರಿದರು. 25 ಯುಗಾದಿ. ಮಗ, ಸೊಸೆ ಪುಣೆಯಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ತಳದಲ್ಲಿ ಸಿಕ್ಕಿಬಿದ್ದರು. ತಾವು ಕಟ್ಟಿದ ಮನೆಯೊಳಗೆ ಇರುವ ಹಾಗಿಲ್ಲ, ತಮ್ಮ ಮನೆಗೆ ಬರುವ ಹಾಗಿಲ್ಲ. ಮೇ ತಿಂಗಳಲ್ಲಿ ಬಂದು, ಊರ ಶಾಲೆಯಲ್ಲಿ ಕ್ವಾರಂಟೈನ್ ಮುಗಿಸಿ ಮನೆಯ ಹೊಸ್ತಿಲು ದಾಟಿದ ದಿನ ಆಯಿ ಬೇವು ಕಲಸಿದಳು, ಹೋಳಿಗೆ ಮಾಡಿದಳು. ಪಂಚಾಂಗದಲ್ಲಿ ಆ ದಿನಕ್ಕೆ ಹೆಸರೇ ಇರಲಿಲ್ಲ. "ಮಂದಿ ಕೂಡಿದ್ ದಿನ ಯುಗಾದಿ" ಅಂದಳು. ಜೋಯಿಸನನ್ನು ಕೇಳದೆ ಹಬ್ಬ ಹುಟ್ಟಿಸಬಹುದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ನಮ್ಮವೇ ಹಬ್ಬಗಳನ್ನು ನಾವು ಹುಟ್ಟಿಸಿಕೊಂಡೂ ಇದ್ದೇವೆ. ಡಿಸೆಂಬರ್ 6ಕ್ಕೆ ಬಾಬಾಸಾಹೇಬರ ನೆನಪಿಗೆ ದೀಪ ಹಚ್ಚುತ್ತೇವೆ. ಜನವರಿ 1ಕ್ಕೆ ನಮ್ಮ ಹುಡುಗರು ಕೋರೆಗಾಂವಕ್ಕೆ ಹೋಗುತ್ತಾರೆ. ಅಲ್ಲಿ ಹರಿಯುವ ಹೊಳೆ ಇದೇ ಭೀಮೆ. ಅಲ್ಲಿಂದ ಇಳಿದು ಅಫಜಲಪುರಕ್ಕೆ, ಜೇವರ್ಗಿಗೆ ಬರುತ್ತಾಳೆ. ಏಪ್ರಿಲ್ 14ಕ್ಕೆ ಓಣಿಯವರೆಲ್ಲ ಪಟ್ಟಿ ಹಾಕಿ ಜಯಂತಿ ಮಾಡುತ್ತೇವೆ. ಅವತ್ತು ಹಲಗಿ ನಮಗಾಗಿ ಬಾರಿಸುತ್ತದೆ. ಯಾರ ಮನೆಯ ಮುಂದೂ ಬುಟ್ಟಿ ಇಲ್ಲ. ನಮ್ಮ ದುಡ್ಡು, ನಮ್ಮ ಅನ್ನ.

ಆದರೆ ಆಯಿಯ ಪ್ರಶ್ನೆ ಇಲ್ಲಿಗೂ ಬರುತ್ತದೆ. ಊರ ಗೌಡನನ್ನು ಕೇಳಿ ಅದು ಸುಮ್ಮನಾಗುವುದಿಲ್ಲ. ಜಯಂತಿಯ ದಿನ ನಸುಕಿನಲ್ಲಿ ಎದ್ದು ಓಣಿಗೆಲ್ಲ ರೊಟ್ಟಿ ಬಡಿದವರು ಯಾರು? ಮೂರು ಪಂಕ್ತಿ ಎದ್ದ ಮೇಲೆ ತಳ ಹತ್ತಿದ ಪಾತ್ರೆ ಬಳಿದುಕೊಂಡು ಕೂತವರು ಯಾರು? ವೇದಿಕೆಯ ಮೇಲೆ ಸಮಾನತೆಯ ಭಾಷಣ ನಡೆಯುತ್ತಿದ್ದಾಗ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವರು ಯಾರು? ಆಯಿ ಕುಹಕ ಮಾಡುವುದಿಲ್ಲ, ಎಣಿಸುತ್ತಾಳೆ ಅಷ್ಟೇ: "ಆಗ ಗೌಡ್ರು ಉಂಡಿಂದ ನಾವೆಲ್ಲ. ಈಗ ನಮ್ಮ ಗಂಡಸ್ರು ಉಂಡಿಂದ ನಾವು. ಕಡೀಗೆ ಉಂಡಾಕಿ ಆಗೂ ನಾನೇ, ಈಗೂ ನಿಮ್ಮವ್ವನೇ." ಹೆಂಗಸಿಗೆ ಆಸ್ತಿಯಲ್ಲಿ, ಮದುವೆಯಲ್ಲಿ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲನ್ನು ಮುಂದೆ ಹೋಗಗೊಡದಿದ್ದಾಗ 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟು ಬಂದವರ ಜಯಂತಿ ಅದು. ಅವರ ಫೋಟೋದ ಎದುರಿಗೇ ನಮ್ಮ ಮನೆಯ ಹೆಂಗಸರು ಕೊನೆಯ ಪಂಕ್ತಿಗೆ ಉಳಿಯುವುದಾದರೆ, ನಾವು ಬುಟ್ಟಿಯನ್ನು ಊರಿನಿಂದ ತಂದು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದೇವೆ ಎಂದೇ ಅರ್ಥ.

ಇದನ್ನು ಹೇಳಿದರೆ ಕೆಲವರು, "ಚಳವಳಿ ಒಡೀಬ್ಯಾಡ್ರಿ, ಮನಿ ಮಾತು ಮನ್ಯಾಗಿರ್ಲಿ" ಎನ್ನುತ್ತಾರೆ. ಊರಿನವರೂ ನಮಗೆ ಹೇಳಿದ್ದು ಇದನ್ನೇ ಅಲ್ಲವೆ? ಊರ ಮಾತು ಊರಲ್ಲಿರಲಿ, ಊರು ಒಡೆಯಬೇಡಿ ಎಂದೇ ಅಲ್ಲವೆ ಬಾಯಿ ಮುಚ್ಚಿಸಿದ್ದು? ಒಬ್ಬರನ್ನು ಕೊನೆಗಿಟ್ಟು ಕಾಪಾಡುವ ಒಗ್ಗಟ್ಟು ನಮ್ಮ ಒಗ್ಗಟ್ಟಲ್ಲ. ಅನ್ಯಾಯ ಕಲಿಸಿದವರಿಂದ ಬಿಡುಗಡೆ ಬೇಕು. ಅವರಿಂದ ಕಲಿತ ಅನ್ಯಾಯದಿಂದಲೂ ಬಿಡುಗಡೆ ಬೇಕು. ಒಂದಾದ ಮೇಲೆ ಇನ್ನೊಂದು ನೋಡೋಣ ಎನ್ನಲು ಆಯಿಯ ಕೈಯಲ್ಲಿ ಅಷ್ಟು ವರ್ಷಗಳು ಉಳಿದಿಲ್ಲ.

ಗೆಳೆಯರೆ, ವರ್ಷದ ಕಡೆಗೆ ಸರ್ಕಾರ ಲೆಕ್ಕ ಕೊಡುತ್ತದೆ, ಬ್ಯಾಂಕು ಲೆಕ್ಕ ಕೊಡುತ್ತದೆ. ಚಳವಳಿಯೂ ಲೆಕ್ಕ ಕೊಡಬೇಕು. ಎಷ್ಟು ಸಭೆ ಮಾಡಿದೆವು, ಎಷ್ಟು ಕರಪತ್ರ ಹಂಚಿದೆವು ಎಂಬುದರ ಜೊತೆಗೆ ಕಡೆಗೆ ಉಂಡವರು ಯಾರು ಎಂಬುದನ್ನೂ ಬರೆದಿಡೋಣ. ಎಳ್ಳಮಾಸಿಯ ದಿನ ಹೊಲದೊಡೆಯನು ಕೂಲಿಯವರಿಗೆ ಅವತ್ತಿನ ಕೂಲಿ ಕೊಟ್ಟು ಸಮನಾಗಿ ಕೂಡಿಸಿಕೊಂಡು ಉಣ್ಣಲಿ. ಅದು ಅವನ ಔದಾರ್ಯವಾಗದೆ ನಮ್ಮ ಪಾಲಾಗಲಿ. ಬರುವ ಏಪ್ರಿಲ್ 14ಕ್ಕೆ ನಮ್ಮ ಓಣಿಯಲ್ಲಿ ಅಡುಗೆ ಮಾಡಿದ ಹೆಂಗಸರು ಮೊದಲ ಪಂಕ್ತಿಗೆ ಕೂಡಲಿ. ಗಂಡಸರು ಬಡಿಸಲಿ. ತಳ ಹತ್ತಿದ ಪಾತ್ರೆ ಒಂದು ಸಲ ಭಾಷಣ ಮಾಡಿದವರ ಪಾಲಿಗೂ ಬರಲಿ.