ಆಡು ಯಾರದು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಆಡು-ಕುರಿ ಪಾಲಿಗೆ ಕೊಡುವುದು ಹಳೆಯ ರೂಢಿ. ಹುಟ್ಟಿದ ಮರಿಗಳು ಸಾಕಿದವನಿಗೂ ಒಡೆಯನಿಗೂ ಹೆಚ್ಚಾಗಿ ಸಮಪಾಲು. ತಾಯಿ ಆಡು ಒಡೆಯನದೇ. ತಂದೆತಾಯಿ ಇಲ್ಲದ ಮಗುವಿಗೆ ಆಡು ಕೊಡಿಸಿದರೆ ಈ ಲೆಕ್ಕ ತೊಡಕಾಗುತ್ತದೆ. ಒಡೆತನ ಮಗುವಿನದು, ಸಂತೆಗೆ ಹೊಡೆಯುವವರು, ದುಡ್ಡು ಎಣಿಸುವವರು ದೊಡ್ಡವರು.

ಸುಮಾರು 150 ದಿನ ಗಬ್ಬ, ಹಲವು ಸಲ ಅವಳಿ ಮರಿ. ಬಡವರ ಮನೆಯಲ್ಲಿ ಇಷ್ಟು ಬೇಗ ಬೆಳೆಯುವ ಆಸ್ತಿ ಕಡಿಮೆ. ಕೋವಿಡ್‌ನಲ್ಲಿ ಅನಾಥರಾದ ಮಕ್ಕಳಿಗೆ ರಾಜ್ಯ ಸರ್ಕಾರ 2021ರಲ್ಲಿ ತಿಂಗಳಿಗೆ 3,500 ರೂಪಾಯಿಯ ಬಾಲಸೇವಾ ಯೋಜನೆ ಪ್ರಕಟಿಸಿತು. ಹಣಕ್ಕೆ ಮೇವು ಬೇಡ. ಆಡಿಗೆ ಬೇಕು, ಮೇವು ತರುವ ಕೈಯೂ ಬೇಕು. ಆ ಕೈ ಶಾಲೆಯಲ್ಲಿರಬೇಕಾದ ಮಗುವಿನದೇ ಆದರೆ ನಾವು ಕೊಟ್ಟದ್ದು ಆಸ್ತಿಯೋ, ಚಾಕರಿಯೋ? ಹೆತ್ತವಳಾದರೆ "ಸಾಕು ಬಾ, ಓದ್ಕೋ" ಅಂದಾಳು.

ಬರೀ ಸಾಕುತ್ತಿದ್ದೇನೆ ಎಂಬ ಕಾರಣಕ್ಕೆ ಅಪ್ರಾಪ್ತ ಮಗುವಿನ ಆಸ್ತಿ ಮಾರುವ ಹಕ್ಕು ಯಾರಿಗೂ ಇಲ್ಲ ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆ. ಸರಿ. ಆದರೆ ಅಜ್ಜಿಯ ಔಷಧಕ್ಕೆ ದುಡ್ಡಿಲ್ಲದ ದಿನ ಕಾಕಾ ಆ ಆಡು ಮಾರಿದರೆ? ಮಗುವಿಗೆ ರೊಟ್ಟಿ ಬಡಿಯುವವಳು ಆ ಅಜ್ಜಿಯೇ. ಕಳವು ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಾಕಾನ ಮಕ್ಕಳ ಆಡುಗಳು ಕೊಟ್ಟಿಗೆಯಲ್ಲೇ ಇದ್ದು, ಪರದೇಶಿ ಮಗುವಿನದೇ ಮೊದಲು ಸಂತೆಗೆ ಹೋದರೆ ಮಾತ್ರ ಅದು ಖಂಡಿತ ಅನ್ಯಾಯ.

ಹುಲ್ಲು ಕೊಯ್ದವರಿಗೂ ಏನಾದರೂ ಸಿಗಬೇಕಲ್ಲ. ಹಾಗಾಗಿ ಪಾಲಿನ ರೂಢಿಯನ್ನೇ ಇಲ್ಲಿಗೂ ತರಬಹುದು: ಅರ್ಧ ಮರಿಗಳು ಸಾಕುವ ಮನೆಗೆ, ನಾಲ್ಕು ಜನರೆದುರು ಮಾತಾಡಿ. ತಾಯಿ ಆಡು ಮಗುವಿನದು. ಮಾತಾಡುವಾಗ ಮಗುವನ್ನೂ ಕೂರಿಸಿಕೊಳ್ಳಲಿ.