ಸೋಲಿಗೊಬ್ಬ ಹೊಣೆಗಾರ

2022ರ ಸೆಪ್ಟೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಶಾಲೆಗೆ ರಜೆ ಹಾಕಿ ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರಕ್ಕೆ ಹೋಗಿದ್ದೆ. ಅಂಟಿನುಂಡೆ, ಮೆಣಸಿನಪುಡಿ ಕಟ್ಟಿಕೊಂಡು ಸಂಭ್ರಮದಿಂದ ಹೋದರೆ ಅಲ್ಲಿ ಊರಿಗೆ ಊರೇ ಸೂತಕದಲ್ಲಿತ್ತು. ವಿಶ್ವವಿದ್ಯಾಲಯದ ಫುಟ್ಬಾಲ್ ತಂಡ ಶನಿವಾರ ಸೋತಿತ್ತು. ಭಾನುವಾರ ಮುಖ್ಯ ತರಬೇತುದಾರ ಸ್ಕಾಟ್ ಫ್ರಾಸ್ಟ್ ಅವರನ್ನು ಕೆಲಸದಿಂದ ತೆಗೆದಿದ್ದರು.

ಇದು ನಮ್ಮ ಮಕ್ಕಳು ಕಾಲಿನಲ್ಲಿ ಒದೆಯುವ ಫುಟ್ಬಾಲ್ ಅಲ್ಲ. ಸಣ್ಣ ತೆಂಗಿನಕಾಯಿಯಂಥ ಚೆಂಡನ್ನು ಎದೆಗವಚಿಕೊಂಡು ಓಡುವ, ಎಸೆಯುವ, ಒಬ್ಬರ ಮೇಲೊಬ್ಬರು ಬೀಳುವ ಆಟ. ಆಡುವವರು ಕಾಲೇಜು ಹುಡುಗರು. ನೋಡಲು ಬರುವವರು ಮಾತ್ರ ಎಂಬತ್ತೈದು ಸಾವಿರಕ್ಕೂ ಹೆಚ್ಚು! ಒಮಾಹಾ ಮತ್ತು ಲಿಂಕನ್ ಬಿಟ್ಟರೆ ಆ ರಾಜ್ಯದಲ್ಲಿ ಅಷ್ಟು ಜನರಿರುವ ಊರೇ ಇಲ್ಲ. 1962ರಿಂದ ಒಂದು ಪಂದ್ಯಕ್ಕೂ ಟಿಕೆಟ್ ಮಿಕ್ಕಿಲ್ಲ ಎಂಬುದು ಅವರ ಹೆಮ್ಮೆ.

ಮುಂದಿನ ಎರಡೂವರೆ ತಿಂಗಳು ಎಲ್ಲಿ ಹೋದರೂ ಒಂದೇ ಮಾತು, ಹೊಸಬರು ಯಾರು? ದೀಪಾವಳಿಗೆ ನಾಲ್ಕೈದು ಕನ್ನಡ ಸಂಸಾರಗಳು ಸೇರಿದಾಗ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ವಾದ ಮಾಡಿದರು. ನಮ್ಮಲ್ಲಿ ಗಂಡು ನೋಡುವಾಗ ನಡೆಯುತ್ತದಲ್ಲ, ಹಾಗೆಯೇ. ಒಬ್ಬರಿಗೆ ವಯಸ್ಸಾಯಿತು, ಒಬ್ಬರದು ಮುಂಗೋಪ, ಇನ್ನೊಬ್ಬರು ಒಳ್ಳೆಯವರೇ, ಆದರೆ ಬರುತ್ತಾರೋ ಇಲ್ಲವೋ. ಪಕ್ಕದ ಮನೆಯ ಅಜ್ಜಿ ಕೆಂಪು ಕೋಟು ತೊಟ್ಟು ಪ್ರತಿ ಪಂದ್ಯಕ್ಕೂ ಹೋಗುತ್ತಿದ್ದವರು. ಅವರನ್ನು, "ನಿಮಗೆ ಯಾರು ಬೇಕು?" ಎಂದು ಕೇಳಿದೆ. "ಟಾಮ್ ಆಸ್ಬರ್ನ್" ಎಂದು ನಕ್ಕರು.

ಆ ನಗುವಿನ ಹಿಂದಿನ ಕಥೆಯನ್ನು ಅಳಿಯ ಹೇಳಿದ. ಆಸ್ಬರ್ನ್ 1973ರಿಂದ 1997ರವರೆಗೆ ಇಪ್ಪತ್ತೈದು ವರ್ಷ ತಂಡವನ್ನು ನಡೆಸಿ, ಕಡೆಯ ನಾಲ್ಕು ವರ್ಷಗಳಲ್ಲಿ ಮೂರು ಬಾರಿ ದೇಶಕ್ಕೇ ಮೊದಲ ಸ್ಥಾನ ತಂದುಕೊಟ್ಟವರು. ಆಮೇಲೆ ಬಂದ ಫ್ರಾಂಕ್ ಸೋಲಿಕ್ 2003ರಲ್ಲಿ ಹನ್ನೆರಡು ಪಂದ್ಯಗಳಲ್ಲಿ ಒಂಬತ್ತು ಗೆದ್ದೂ ಕೆಲಸ ಕಳೆದುಕೊಂಡರು. ಬೋ ಪೆಲೀನಿ ಏಳು ವರ್ಷವೂ ಒಂಬತ್ತಕ್ಕೆ ಕಡಿಮೆಯಿಲ್ಲದೆ ಗೆದ್ದರು. ಅದೂ ಸಾಲದೆಂದು 2014ರಲ್ಲಿ ಅವರನ್ನೂ ಕಳಿಸಿದರು. ಕೊನೆಗೆ 2017ರಲ್ಲಿ, ಹಿತ್ತಲ ಗಿಡವೇ ಮದ್ದಾದೀತೆಂದು ಫ್ರಾಸ್ಟ್ ಅವರನ್ನು ಕರೆತಂದರು. ಲಿಂಕನ್ನಿನಲ್ಲೇ ಹುಟ್ಟಿದವರು, 1997ರಲ್ಲಿ ಗೆದ್ದ ತಂಡದಲ್ಲಿ ಆಡಿದವರು. ಊರು ಅಳಿಯನನ್ನು ಎದುರುಗೊಂಡಂತೆ ಎದುರುಗೊಂಡಿತ್ತು.

ಅವರ ಕಾಲದಲ್ಲಿ ಗೆದ್ದದ್ದು ಹದಿನಾರು, ಸೋತದ್ದು ಮೂವತ್ತೊಂದು. 2021ರಲ್ಲಂತೂ ಸೋತ ಒಂಬತ್ತು ಪಂದ್ಯಗಳಲ್ಲಿ ಒಂದೂ ಹತ್ತು ಅಂಕದ ಅಂತರದ್ದಲ್ಲ. ಎರಡೆರಡು ಅಂಕಕ್ಕೆ ಫೇಲಾಗುವ ಮಕ್ಕಳನ್ನು ಕಂಡ ನನಗೆ ಹೊಟ್ಟೆ ಚುರುಕ್ಕೆಂದಿತು. ಇನ್ನು ಮೂರು ವಾರ ತಡೆದಿದ್ದರೆ ಅರ್ಧ ಪರಿಹಾರದಲ್ಲಿ ಮುಗಿಯುತ್ತಿತ್ತಂತೆ. ಅಷ್ಟೂ ತಾಳಲಾರದೆ ಒಂದೂವರೆ ಕೋಟಿ ಡಾಲರ್ ಕೊಟ್ಟು ಕಳಿಸಿದರು.

ತೆಗೆದದ್ದು ತಪ್ಪೆಂದು ನಾನು ಹೇಳಲಾರೆ. ಐದು ವರ್ಷ ಅವಕಾಶ ಕೊಟ್ಟಿದ್ದರು. ಆದರೆ ಆ ವಾದಗಳಲ್ಲಿ ಒಂದು ಮಾತು ಅಪರೂಪವಾಗಿತ್ತು. ನೆಬ್ರಾಸ್ಕದ ಜನಸಂಖ್ಯೆ 2022ರಲ್ಲಿ ಇಪ್ಪತ್ತು ಲಕ್ಷ ದಾಟಿರಲಿಲ್ಲ. ದೊಡ್ಡ ಆಟಗಾರರನ್ನು ದೂರದ ರಾಜ್ಯಗಳಿಂದ ಕರೆತರಬೇಕು. 2011ರಲ್ಲಿ ಹಳೆಯ ಕೂಟ ಬಿಟ್ಟು ಬಿಗ್ ಟೆನ್ ಎಂಬ ಕೂಟ ಸೇರಿದ ಮೇಲೆ ಎದುರಾಳಿಗಳೂ ಬದಲಾದರು. ಇವೆಲ್ಲ ಹೊಸಬರು ಬಂದ ಮಾತ್ರಕ್ಕೆ ಹೋಗುವ ಕಷ್ಟಗಳಲ್ಲ. ಕಷ್ಟಕ್ಕೆ ಮುಖವಿಲ್ಲ, ಮನುಷ್ಯನಿಗಿದೆ. ಆದ್ದರಿಂದ ನಾವು ಮುಖವನ್ನೇ ಹುಡುಕುತ್ತೇವೆ.

ಹೀಗೆಂದುಕೊಳ್ಳುತ್ತಾ ಒಂದು ರಾತ್ರಿ ಮೊಮ್ಮಗುವನ್ನು ತೊಡೆಯ ಮೇಲೆ ತಟ್ಟುತ್ತಿದ್ದಾಗ, ಮರೆತೆನೆಂದುಕೊಂಡಿದ್ದ ಒಂದು ಕಾಗದ ಕಣ್ಣೆದುರು ಬಂತು. ಹಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನಲವತ್ತರ ಒಳಗೆ ಇಳಿಯಿತು. ಪೋಷಕರು ಮುಖ್ಯೋಪಾಧ್ಯಾಯಿನಿಯನ್ನು ಬದಲಿಸಬೇಕೆಂದು ಅರ್ಜಿ ಬರೆದರು. ಸ್ಟಾಫ್ ರೂಮಿನಲ್ಲಿ ನಾವೂ ಚರ್ಚಿಸಿದೆವು, ಅವರು ಬಂದರೆ ಒಳ್ಳೆಯದು, ಇವರು ಬಂದರೆ ಶಿಸ್ತು ಎಂದು. ಆ ಅರ್ಜಿಯ ಕೆಳಗೆ ನನ್ನ ಸಹಿಯೂ ಇದೆ.

ಆ ವರ್ಷ ನಮ್ಮಲ್ಲಿ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಕನ್ನಡ ಓದಿ ಬಂದಿದ್ದ ಆಕೆ ಸಂಜೆ ಹೊತ್ತು ತಾವೇ ಪುಸ್ತಕ ಹಿಡಿದು ಲೆಕ್ಕ ಕಲಿತು ಮಾರನೆಯ ದಿನ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಅದು ನಮಗೆಲ್ಲ ಗೊತ್ತಿತ್ತು. ಆಕೆ ಹೋದರು, ಹೊಸಬರು ಬಂದರು, ಖಾಲಿ ಹುದ್ದೆಯೂ ತುಂಬಿತು. ಮರುವರ್ಷ ಫಲಿತಾಂಶ ಏರಿತು. ಹೊಸಬರಿಗೆ ಶಾಲು ಹೊದಿಸಿ ಹಾರ ಹಾಕಿದಾಗ ಮುಂದಿನ ಸಾಲಿನಲ್ಲಿ ಕುಳಿತು ನಾನು ಚಪ್ಪಾಳೆ ತಟ್ಟಿದೆ.

ಸುಳ್ಳು ಹೇಳುವುದು ತಪ್ಪೆಂದು ಮಕ್ಕಳಿಗೆ ಕಲಿಸುತ್ತೇವೆ. ಅರ್ಧ ಸತ್ಯಕ್ಕೆ ಸಹಿ ಹಾಕುವುದು ತಪ್ಪೆಂದು ನನಗೆ ಯಾರು ಕಲಿಸಬೇಕಿತ್ತು? ಬದಲಾವಣೆ ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಕೇಳುವ ಮುನ್ನ, ಈ ಸೋಲಿನಲ್ಲಿ ಆಕೆಯ ಪಾಲೆಷ್ಟು, ನಮ್ಮ ಪಾಲೆಷ್ಟು, ಯಾರ ಕೈಯಲ್ಲೂ ಇಲ್ಲದ್ದೆಷ್ಟು ಎಂದು ಒಮ್ಮೆ ಲೆಕ್ಕ ಹಾಕುವ ಋಣವೂ ಇದೆ. ಆ ಸಂಜೆಗಳಲ್ಲಿ ಒಂದು ಗಂಟೆ ಉಳಿದು ಆಕೆಗೆ ನೆರವಾಗಲು ನನಗೇನು ಅಡ್ಡಿಯಿತ್ತು?

ನವೆಂಬರ್ ಕೊನೆಯಲ್ಲಿ ಮ್ಯಾಟ್ ರೂಲ್ ಎಂಬವರನ್ನು ಎಂಟು ವರ್ಷಕ್ಕೆ ನೇಮಿಸಿದರು. ಅವರ ಮೊದಲ ವರ್ಷ ಏಳು ಸೋಲು. 2024ರಲ್ಲಿ ತಂಡ ಏಳು ಗೆದ್ದು, 2016ರ ನಂತರ ಮೊದಲ ಸಲ ವರ್ಷಾಂತ್ಯದ ಬೌಲ್ ಪಂದ್ಯಕ್ಕೆ ಹೋಯಿತು. ಸೋಲಿನ ವರ್ಷಗಳಲ್ಲೂ ಅಜ್ಜಿ ಕೆಂಪು ಕೋಟು ತೊಟ್ಟು ಹೋಗುತ್ತಲೇ ಇದ್ದರೆಂದು ಮಗಳು ಹೇಳಿದಳು. ಬೈದರೂ ಬಿಟ್ಟುಹೋಗದ ಆ ನಿಷ್ಠೆ ನನ್ನಲ್ಲಿರಲಿಲ್ಲ.

ಊರಿಗೆ ಬಂದ ಮೇಲೆ, ನಿವೃತ್ತರಾಗಿದ್ದ ಆಕೆಯ ಮನೆ ಹುಡುಕಿಕೊಂಡು ಹೋದೆ. ಸಹಿಯ ವಿಷಯ ಹೇಳಿದೆ. "ಗೊತ್ತಿತ್ತು, ಬಿಡಿ" ಎಂದು ಕಾಫಿ ತರಲು ಎದ್ದರು. ಅಡುಗೆಮನೆಯಿಂದಲೇ ಕೇಳಿದರು: "ಈ ವರ್ಷ ಗಣಿತಕ್ಕೆ ಮೇಷ್ಟ್ರಿದ್ದಾರೆಯೇ?"